ಚಿಕ್ಕಪ್ಪನ ಕಾವ್ಯಕ್ಕೆ ಬೇಕಾದ ಬೈಗುಳ

ನಮ್ಮ ಚಿಕ್ಕಪ್ಪನಿಗೆ ಕವಿತ್ವ ಒಲಿದದ್ದು ಸರಸ್ವತಿಯ ಕೃಪೆಯಿಂದಲ್ಲ, ಚಿಕ್ಕಮ್ಮನ ಬೈಗುಳದಿಂದ. ಇದು ಕುಹಕವಲ್ಲ, ಆಧಾರವಿಲ್ಲದೆ ಆರೋಪ ಹೊರಿಸುವವನು ನಾನಲ್ಲ. ಕೊಡಗು ತಾನೇ ಒಂದು ರಾಜ್ಯವಾಗಿದ್ದು, ಮಂತ್ರಿಗಳನ್ನು ಬೆರಳಲ್ಲಿ ಎಣಿಸಿದರೆ ಬೆರಳುಗಳೇ ಮಿಗುತ್ತಿದ್ದ ಆ ವರ್ಷಗಳಲ್ಲಿ, ಅಷ್ಟೂ ಮಂತ್ರಿಗಳಿಗೆ ಮನವಿ ಬರೆದವನು ನಾನು: ತೋಟದ ಕೂಲಿಯವರ ಲೈನುಮನೆಗಳಿಗೆ ಕಿಟಕಿಯಿಲ್ಲದ್ದರ ಬಗ್ಗೆ, ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಡುವುದರ ಬಗ್ಗೆ, ಅದೇ ಕಾಫಿ ಕೊಯ್ಲಿಗೆ ಹೆಂಗಸರಿಗೆ ಕಡಿಮೆ ಕೂಲಿ ಕೊಡುವುದರ ಬಗ್ಗೆ. ಅಂಥ ನಾನು ಹೇಳುತ್ತಿದ್ದೇನೆ, ನಂಬಬೇಕು.

ಸಂಪಾಜೆಯ ಮೇಲಣ ತಿರುವಿನಲ್ಲಿ ಚಿಕ್ಕಪ್ಪನ ಸಣ್ಣ ಕಾಫಿ ತೋಟ. ಕೊಯ್ದ ಹಣ್ಣನ್ನು ಕಣದಲ್ಲಿ ಹರಡಿದ ಮೇಲೆ ಆಗಾಗ ಕೆದಕುತ್ತಿರಬೇಕು. ಇಲ್ಲವಾದರೆ ಬೂಸಲು ಹಿಡಿಯುತ್ತದೆ. ಚಿಕ್ಕಪ್ಪ ಇದನ್ನು ಬರಿಗಾಲಿನಿಂದಲೇ ಮಾಡುತ್ತಿದ್ದರು. ಪಾದ ಎಳೆಯುತ್ತ ಸಾಲು ಬಿಡಿಸುತ್ತ ನಡೆದರೆ ಷಟ್ಪದಿಯ ಲಯ ತಾನಾಗಿ ಕೂಡಿಬರುತ್ತದೆ ಎಂಬುದು ಅವರ ಸಿದ್ಧಾಂತ. ಲಯವೇನೋ ಕೂಡುತ್ತಿತ್ತು, ಪದಗಳು ಬರುತ್ತಿರಲಿಲ್ಲ. ಆಗ ಕಣದ ನಡುವೆ ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಂತುಬಿಡುತ್ತಿದ್ದರು. ಜಗಲಿಯಿಂದ ಚಿಕ್ಕಮ್ಮನ ಮನೆಮಾತಾದ ಅರೆಭಾಷೆಯಲ್ಲಿ ಬೈಗುಳ ಹಾರಿಬರುತ್ತಿತ್ತು:

"ಅಲ್ಲಿ ಮೋಡ ಬಂದುಟು! ನಿಮ್ಗೆ ಕಣ್ಣ್ ಉಟ್ಟೋ ಇಲ್ಲೆಯೋ?"

ಕಾಲು ಕೆಳಗಿಳಿಯುತ್ತಿತ್ತು, ಪದ್ಯ ಮೇಲೇಳುತ್ತಿತ್ತು!

ಇದಕ್ಕೆ ಕಾರಣವಿತ್ತು. ಯೌವನದಲ್ಲಿ ಚಿಕ್ಕಪ್ಪ ತಾಳಮದ್ದಳೆಯಲ್ಲಿ, ಎಂದರೆ ವೇಷವಿಲ್ಲದ ಯಕ್ಷಗಾನದಲ್ಲಿ, ಅರ್ಥ ಹೇಳಿದವರು. ಎದುರು ಕುಳಿತವನು ಕೆಣಕದೆ ಅವರ ಬಾಯಲ್ಲಿ ಮಾತು ಹೊರಡದು. "ಎದುರಿಗೆ ಅರ್ಜುನ ಇಲ್ಲದಿದ್ರೆ ಕರ್ಣ ಎಂತ ಮಾತಾಡುದು?" ಎಂದು ನನ್ನನ್ನೇ ಕೇಳುತ್ತಿದ್ದರು. ಅವರು ಬರೆಯುತ್ತಿದ್ದ ಕಾವ್ಯವೂ ಕರ್ಣನ ಮೇಲೆಯೇ. ಅದು ಅವರ ದಾಂಪತ್ಯದಷ್ಟೇ ಹಳೆಯದು, ಅಷ್ಟೇ ಮುಗಿಯದ್ದು.

ಒಮ್ಮೆ ಮಡಿಕೇರಿಯ ಕವಿಗೋಷ್ಠಿಯಲ್ಲಿ ಸ್ಥಳದಲ್ಲೇ ಪದ್ಯ ಕಟ್ಟಬೇಕೆಂದು ಕೇಳಿಕೊಂಡರು. ಚಿಕ್ಕಪ್ಪ ಅಧ್ಯಕ್ಷರ ಕಿವಿಯಲ್ಲಿ, "ಸ್ವಲ್ಪ ಬೈಯಿರಿ" ಎಂದು ವಿನಯದಿಂದ ಬೇಡಿದರು. ಅಧ್ಯಕ್ಷರು ಸಜ್ಜನರು, ತಮ್ಮಂಥ ಹಿರಿಯರನ್ನು ಬೈಯುವುದುಂಟೇ ಎಂದು ಹಾರ ಹಾಕಿದರು. ಅಲ್ಲಿಗೆ ಕವಿಯ ಕಥೆ ಮುಗಿಯಿತು! ಮರಳುವ ಬಸ್ಸಿನಲ್ಲಿ ಅವರ ಕೊಡೆ ಕಂಡಕ್ಟರನ ಹೊಟ್ಟೆಗೆ ತಗುಲಿತು. "ಓ ಅಜ್ಜ, ಬಸ್ಸೇನು ನಿಮ್ಮ ಮನೆ ಅಟ್ಟವಾ?" ಎಂದು ಅವನು ಗದರಿದ್ದೇ ತಡ, ಘಾಟಿ ಇಳಿಯುವುದರೊಳಗೆ ಒಂದು ಷಟ್ಪದಿ ಸಿದ್ಧ. ಸಂತೋಷದಿಂದ ಅದನ್ನು ಅವನಿಗೇ ಓದಿ ಹೇಳಿದರು. ಅವನು ಅದಕ್ಕೂ ಬೈದ. ಮತ್ತರ್ಧ ಪದ್ಯವಾಯಿತು.

ನನ್ನ ತತ್ತ್ವಕ್ಕೆ ಇದು ಒಪ್ಪಲಿಲ್ಲ. "ಚಿಕ್ಕಮ್ಮಾ, ಒಬ್ಬರು ಕವಿಯಾಗಲು ಇನ್ನೊಬ್ಬರು ಮೋಡ ಕಾಯಬೇಕೆಂಬುದು ಅನ್ಯಾಯ. ಇದು ಸಂಬಳವಿಲ್ಲದ ದುಡಿಮೆ" ಎಂದು ವಿವರಿಸಿದೆ.

"ಹೌದಲ್ಲ ಮಾರಾಯ! ಹಂಗಾರೆ ನೀ ಹೋಗಿ ಆ ಮೂಲೆ ಕೆದ್ಕ್" ಎಂದರು ಚಿಕ್ಕಮ್ಮ.

ಕೆದಕಿದೆ. ನನಗೂ ಸಂಬಳ ಬರಲಿಲ್ಲ. ಕರ್ಣನನ್ನು ಬಿಟ್ಟು ಲೈನುಗಳ ಕಿಟಕಿಯ ಬಗ್ಗೆ ಬರೆಯಬಾರದೇ ಎಂದು ಚಿಕ್ಕಪ್ಪನನ್ನು ಕೇಳಿದರೆ, "ಕರ್ಣನಿಗೆ ಹುಟ್ಟಿದ ಮನೆಯ ಬಾಗಿಲೇ ಇಲ್ಲೆ, ನೀ ಕಿಟಕಿ ಕೇಳ್ತಿಯಲ್ಲ!" ಎಂದರು. ಉತ್ತರಿಸಲು ನನಗೆ ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಅವರು ಪ್ರಶ್ನೆಯನ್ನೇ ಮರೆತಿದ್ದರು.

ಒಂದು ಮಳೆಗಾಲದಲ್ಲಿ ಚಿಕ್ಕಮ್ಮನ ಗಂಟಲಲ್ಲಿ ಗಂಟು ಕಾಣಿಸಿತು. ಮಂಗಳೂರಿನಲ್ಲಿ ಕೊಯ್ದು ತೆಗೆದರು. ಗಾಯ ಮಾಯಿತು. "ಇನ್ನು ಮಾತಾಡಬೇಕು. ಸುಮ್ಮನಿದ್ದಷ್ಟೂ ದನಿ ದೂರವಾಗುತ್ತದೆ" ಎಂದರು ವೈದ್ಯರು. ಚಿಕ್ಕಮ್ಮ ಒಮ್ಮೆ ಪ್ರಯತ್ನಿಸಿದರು. ಹೊರಬಂದದ್ದು ಸೀಳಿದ ಬಿದಿರಿನೊಳಗೆ ಗಾಳಿ ಹೊಕ್ಕಂಥ ಸದ್ದು. ನೋಡಲು ಬಂದಿದ್ದ ನೆಂಟರು ಮರುಕದಿಂದ ಮುಖ ತಿರುಗಿಸಿದರು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡವರು ಮತ್ತೆ ತೆರೆಯಲಿಲ್ಲ.

ಚಿಕ್ಕಪ್ಪ ಬೈಸಿಕೊಳ್ಳಲು ಪಟ್ಟ ಪಾಡು ಒಂದೆರಡಲ್ಲ. ಅಂಗಿಯನ್ನು ತಿರುಗುಮುರುಗಾಗಿ ತೊಟ್ಟರು. ಕೆಸರುಗಾಲಿನಲ್ಲಿ ಅಡಿಗೆಮನೆ ಹೊಕ್ಕರು. ಒದ್ದೆ ಕೊಡೆಯನ್ನು ಅಕ್ಕಿಯ ಡಬ್ಬದಲ್ಲಿ ಇಟ್ಟರು! ಚಿಕ್ಕಮ್ಮ ಮೌನವಾಗಿ ಎಲ್ಲವನ್ನೂ ಒರೆಸಿದರು, ಸರಿಪಡಿಸಿದರು, ಜಗಲಿಗೆ ಹೋಗಿ ಕುಳಿತರು. ಒಂದು ಪದ್ಯದ ಆಸೆಗೆ ಕಾಯಿಲೆಯವರನ್ನು ಹೀಗೆ ಕಾಡುವುದು ಶುದ್ಧ ಸ್ವಾರ್ಥವೆಂದು ನಾನು ಕಟುವಾಗಿಯೇ ಖಂಡಿಸಿದೆ.

ಕಣ ತುಂಬ ಕಾಫಿ ಹರಡಿದ್ದ ಒಂದು ಮಧ್ಯಾಹ್ನ ಅಕಾಲದ ಮೋಡ ಕವಿಯಿತು. ಚಿಕ್ಕಪ್ಪ ಕಣದ ನಡುವೆ ನಿಂತು ಅದನ್ನು ಚೆನ್ನಾಗಿ ನೋಡಿದರು, ಅಲುಗಲಿಲ್ಲ. ಹನಿ ಬಿತ್ತು. ನಾನು ಗೋಣಿ ಹಿಡಿದು ಓಡಿದೆ. ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಮುಟ್ಟಬೇಡ."

"ವರ್ಷದ ಕಾಫಿ, ಚಿಕ್ಕಪ್ಪಾ!"

"ಗೊತ್ತುಟ್ಟು."

ಅವರ ಕಣ್ಣು ಜಗಲಿಯ ಮೇಲಿತ್ತು. ಮಳೆ ಜೋರಾಯಿತು. ಜಗಲಿಯಲ್ಲಿ ಚಿಕ್ಕಮ್ಮ ಎದ್ದು ನಿಂತರು, ಕಂಬ ಹಿಡಿದರು, ಮೋಡ ನೋಡಿದರು, ಕಾಫಿ ನೋಡಿದರು, ಗಂಡನನ್ನು ನೋಡಿದರು. ಸೆರಗು ಬಾಯಿಂದ ಜಾರಿತು.

"ನಿಮ್ಗೆ..." ದನಿ ಒಡೆಯಿತು. ಉಸಿರೆಳೆದುಕೊಂಡು ಮತ್ತೆ ಹಿಡಿದರು. "ನಿಮ್ಗೆ ಕಣ್ಣ್... ಉಟ್ಟೋ... ಇಲ್ಲೆಯೋ?"

ಒರಟು ದನಿ, ಹರಕು ದನಿ. ಆದರೂ ಕಣದ ನಡುವೆ ನಿಂತಿದ್ದ ನಮ್ಮವರೆಗೆ ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಅಂಗಿ, ಕೆಸರು, ಅಕ್ಕಿಡಬ್ಬದ ಕೊಡೆ, ಬಾಕಿ ಉಳಿದಿದ್ದುದೆಲ್ಲ ಬರತೊಡಗಿತು.

ನಾನು ಉದ್ವೇಗದಿಂದ, "ಬಂತೇ ಚಿಕ್ಕಪ್ಪಾ? ಪದ್ಯ ಬಂತೇ?" ಎಂದೆ.

"ಪದ್ಯ ಅತ್ಲಾಗಿರ್ಲಿ. ಸುಮ್ಮನಿರ್ ಮಾರಾಯ, ಆ ದನಿ ಕೇಳಿಕೆ ಬುಡ್!"

ಎರಡೂ ಕಾಲೂರಿ, ತಲೆಯೆತ್ತಿ, ಅವರು ಕೇಳುತ್ತ ನಿಂತರು. ಮುಖದ ಮೇಲೆ ಇಳಿಯುತ್ತಿದ್ದುದೆಲ್ಲ ಮಳೆಯಲ್ಲ. ವರ್ಷದ ಕಾಫಿ ಅವರ ಪಾದದ ಸುತ್ತ ತೇಲುತ್ತಿತ್ತು. ಅನ್ಯಾಯ ಕಂಡಲ್ಲೆಲ್ಲ ಹೆಸರಿಡುವ ನಾನು ಗೋಣಿಯನ್ನು ತಲೆಯ ಮೇಲೆ ಹೊದ್ದುಕೊಂಡು ಅವರ ಪಕ್ಕದಲ್ಲಿ ನಿಂತೆ.