ಗುಡ್ಡಪ್ಪ ನೋಡದ ಕಡೆಯ ಕಂತು

ಗುಡ್ಡಪ್ಪ ಬುಧವಾರ ಬೆಳಿಗ್ಗೆ ಬ್ಯಾಡಗಿಯಲ್ಲಿ ತೀರಿಕೊಂಡ. ಹೃದಯಾಘಾತ. ಅವನ ಹೆಂಡತಿ ಸೋಮವ್ವ ಫೋನು ಮಾಡಿ ಎರಡೇ ಮಾತಿನಲ್ಲಿ ಹೇಳಿದಳು. ಗುತ್ತಲದ ಮನೆಯಲ್ಲಿ ಕುಳಿತಿದ್ದ ನಾಗಪ್ಪ ಮಾಸ್ತರನಿಗೆ ಅಳು ಬರಲಿಲ್ಲ, ಸೀನು ಬಂತು! ನಲವತ್ತು ವರ್ಷದ ಗೆಳೆತನಕ್ಕೆ ಇದೆಂಥ ಮರ್ಯಾದೆ ಎಂದು ಅವನಿಗೇ ನಾಚಿಕೆಯಾಯಿತು. ಆದರೆ ಗುಡ್ಡಪ್ಪನ ನೆನಪಿಗೆ ಮೆಣಸಿನಕಾಯಿಯ ಘಾಟು ಅಂಟಿಕೊಂಡೇ ಇತ್ತು.

ಮೂವತ್ತೈದು ವರ್ಷದ ಹಿಂದೆ ನಾಗಪ್ಪ ಬ್ಯಾಡಗಿಯ ಶಾಲೆಯಲ್ಲಿ ಮಾಸ್ತರ, ಗುಡ್ಡಪ್ಪನ ಪಕ್ಕದ ಮನೆಯವನು. ಓಣಿಯಲ್ಲಿ ಯಾರ ಮನೆಯಲ್ಲೂ ಟಿವಿ ಇರಲಿಲ್ಲ.

“ನೋಡ್ತಿರು ಮಾಸ್ತರ, ಇಡೀ ಓಣೀನ ನನ್ನ ಪಡಸಾಲ್ಯಾಗ ತಂದು ಕುಂದ್ರಸ್ತೇನಿ!” ಎಂದು ಗುಡ್ಡಪ್ಪ ಪಣ ತೊಟ್ಟ. ರಾಣೆಬೆನ್ನೂರಿಗೆ ಹೋಗಿ, ಟಿವಿಯನ್ನು ಕೌದಿಯಲ್ಲಿ ಸುತ್ತಿ, ಬಾಣಂತಿ ಕೂಸನ್ನು ತಂದಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಓಣಿ ಬಂದು ಕುಳಿತಿತು. ಕೂರಲು ಪುರುಸೊತ್ತಿಲ್ಲದವನೆಂದರೆ ಟಿವಿಯ ಯಜಮಾನನೊಬ್ಬನೇ! ಮಾಳಿಗೆಯ ಮೇಲಿನ ಆಂಟೆನಾ ಮಹಾರಾಜರು ಗಾಳಿ ಬೀಸಿದರೆ ಸಾಕು, ಮುನಿಸಿಕೊಂಡು ಮುಖ ತಿರುಗಿಸುತ್ತಿದ್ದರು. ಭಾನುವಾರದ ಧಾರಾವಾಹಿ ಶುರುವಾದರೆ ಗುಡ್ಡಪ್ಪ ಮೇಲೆ ಕಂಬ ಹಿಡಿದು ನಿಲ್ಲುವುದು, ನಾಗಪ್ಪ ಬಾಗಿಲಲ್ಲಿ ನಿಂತು ವರದಿ ಒಪ್ಪಿಸುವುದು.

“ಬಂತೇನೋ?”

“ಹೋತು! ಹೊಳ್ಳಸು!”

“ಈಗ?”

“ಬಂತು, ಬಂತು! ಬಿಡಬ್ಯಾಡ, ಹಂಗ ಹಿಡಿ!”

ಒಳಗಿನಿಂದ ಸೋಮವ್ವನ ಕೂಗು: “ಸ್ವಲ್ಪ ಗಟ್ಟಿ ಹಿಡಕೋರಿ! ಬಂಗಾರದಂಥಾ ಹುಡಿಗಿ ಜಡ್ಡು ಬಿದ್ದಾಳ, ಆಕಿ ಮಾರಿ ಕಾಣವಲ್ತು!”

“ನಾನೂ ಇಲ್ಲಿ ಬಿಸಲಾಗ ಜಡ್ಡು ಬೀಳಾಕತ್ತೇನಿ. ನನ್ನ ಮಾರಿ ಯಾರು ನೋಡ್ತೀರಿ?”

ಕಡೆಯ ಕಂತಿನ ದಿನ ಮಾಳಿಗೆಯ ತುಂಬ ಸೋಮವ್ವ ಒಣಹಾಕಿದ್ದ ಮೆಣಸಿನಕಾಯಿ. ಕೆಳಗೆ, ಧಾರಾವಾಹಿಯಲ್ಲಿ ಜಡ್ಡು ಬಿದ್ದ ಹುಡುಗಿ ಬದುಕುವಳೋ ಸಾಯುವಳೋ ಎಂದು ಓಣಿ ಉಸಿರು ಬಿಗಿಹಿಡಿದಿತ್ತು. ಅಷ್ಟರಲ್ಲಿ ಚಿತ್ರ ಹೋಯಿತು! ಗುಡ್ಡಪ್ಪ ಕಂಬವನ್ನು ತಬ್ಬಿಕೊಂಡು ಗರಗರ ಸುತ್ತಿದ. ಕಾಲಡಿಯ ಮೆಣಸಿನಕಾಯಿ ಪುಡಿಯಾಗಿ ಬೆಳಕಿಂಡಿಯಿಂದ ನೇರ ಪಡಸಾಲೆಗೆ ಇಳಿಯಿತು. ಚಿತ್ರ ಬಂತು, ನೋಡುವ ಕಣ್ಣೇ ಹೋಯಿತು! ನಲವತ್ತು ಮಂದಿ ಕೆಮ್ಮಿದರು, ಸೀನಿದರು, ಸೆರಗಿನಿಂದ ಟವೆಲಿನಿಂದ ಮುಖ ಮುಚ್ಚಿಕೊಂಡರು. ಬೆಳಕಿಂಡಿಯಲ್ಲಿ ಗುಡ್ಡಪ್ಪನ ಮುಖ ಕಾಣಿಸಿತು.

“ಯಾಕೋ ನಾಗಪ್ಪಾ, ಎಲ್ಲಾರೂ ಅಳಾಕತ್ತಾರ? ಸತ್ತಳೇನೋ ಹುಡಿಗಿ?”

ನಾಗಪ್ಪನಿಗೆ ಹುಡುಗಿಯೂ ಕಂಡಿರಲಿಲ್ಲ, ಟಿವಿಯೂ ಕಂಡಿರಲಿಲ್ಲ. ಮೆಣಸಿನಕಾಯಿ ತುಳಿದ ವಿಷಯ ಹೇಳಿದರೆ ಸೋಮವ್ವ ಗಂಡನನ್ನು ಉಳಿಸುವುದಿಲ್ಲ ಎಂಬುದಷ್ಟೇ ಕಂಡಿತು.

“ಹೂಂ, ಸತ್ತಳು!” ಎಂದುಬಿಟ್ಟ.

ಮಾಸ್ತರ ಹೇಳಿದ ಮೇಲೆ ಮುಗಿಯಿತು, ಓಣಿ ನಂಬಿತು. ಸುಗ್ಗಿಯಲ್ಲಿ ಬ್ಯಾಡಗಿಗೆ ಘಾಟೇನು ಹೊಸದಲ್ಲ. ಹುಡುಗಿ ಸತ್ತದ್ದು ಮಾತ್ರ ಹೊಸದು! ಸೋಮವ್ವ ಹೋಳಿಗೆಗೆಂದು ಬೇಯಿಸಿದ್ದ ಬೇಳೆಯನ್ನು ಆ ದಿನ ಸಾರಿಗೆ ಹಾಕಿದಳು. ಗೆಳೆಯನನ್ನು ಕಾಪಾಡಿದ ಆ ಸುಳ್ಳನ್ನು ನಾಗಪ್ಪ ಮೂವತ್ತೈದು ವರ್ಷ ಅಂಗಿಯೊಳಗಿನ ಪದಕದಂತೆ ಧರಿಸಿಕೊಂಡಿದ್ದ.

ಸಾಯುವ ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ, ಗುಡ್ಡಪ್ಪ ಬಸ್ಸು ಹಿಡಿದು ಗುತ್ತಲಕ್ಕೆ ಬಂದ.

“ಮನ್ಯಾಗ ನಾಕು ಮಂದಿ, ಐದು ಮೊಬೈಲು. ಒಬ್ಬೊಬ್ಬರು ಒಂದೊಂದು ಮೂಲಿ ಹಿಡದು, ಕಿವ್ಯಾಗ ವಾಯರು ತುರಕ್ಕೊಂಡು ನಗತಾರ. ಯಾಕ ನಕ್ಕಿ ಅಂತ ಕೇಳಾಕೂ ಬರೂದಿಲ್ಲ. ಆ ಕಡೀ ಕಂತು ಮೊಬೈಲಿನಾಗ ಸಿಕ್ಕೈತೋ ಮಾಸ್ತರ. ಒಬ್ಬನ ನೋಡಾಕ ಮನಸ್ಸಾಗಲಿಲ್ಲ.”

ನಾಗಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ಗುಡ್ಡಪ್ಪಾ, ಅವತ್ತು ನಾ ಸುಳ್ಳು ಹೇಳಿದ್ದೆ. ನಿನ್ನ ಉಳಸಾಕಂತ…”

“ನನ್ನ ಉಳಸಾಕ? ಮೆಣಸಿನಕಾಯಿ ತುಳದಾಂವ ನಾನು! ನನ್ನ ಮೂಗೇನು ರಾಣೆಬೆನ್ನೂರಾಗಿತ್ತೇನು? ಸೋಮವ್ವಗ ಹೆದರಿ ‘ಸತ್ತಳೇನು’ ಅಂತ ಮ್ಯಾಲಿಂದ ನಾನ ಹೇಳಿಕೊಟ್ಟೆ. ಶಾಣ್ಯಾ ಮಾಸ್ತರ, ಪಾಠ ಒಪ್ಪಿಸಿದಂಗ ಹೂಂ ಅಂದಿ!”

ಮೂವತ್ತೈದು ವರ್ಷದ ಪದಕ ಠಣ್ಣೆಂದು ಕೆಳಗೆ ಬಿತ್ತು.

ದೊಡ್ಡ ಪರದೆಯಲ್ಲಿ ಕೂಡಿ ನೋಡೋಣವೆಂದು ಗುಡ್ಡಪ್ಪ ತನ್ನ ಮೊಬೈಲಿನಿಂದ ನಾಗಪ್ಪನ ಟಿವಿಗೆ ನೆಟ್ ಕೊಟ್ಟ. ಒಳಗೆ ಸಿಗ್ನಲ್ ಸಾಲದೆ ಚಿತ್ರದ ಮೇಲೆ ಚಕ್ರ ತಿರುಗತೊಡಗಿತು. ಗುಡ್ಡಪ್ಪ ಎದ್ದ. ಹೊರಗಿನ ಕಟ್ಟೆ ಹತ್ತಿ ಮೊಬೈಲು ಹಿಡಿದ ಕೈಯನ್ನು ಮೇಲೆತ್ತಿದ.

“ಬಂತೇನೋ?”

“ಬಂತು! ಅಲ್ಲೇ ಕಟ್ಟೀ ಮ್ಯಾಲ ಇಟ್ಟು ಒಳಗ ಬಾರೋ!”

“ಇಟ್ಟರ ಸಿಗ್ನಲ್ ಹೋಗತೈತಿ. ನೀ ನೋಡಿ ಹೇಳು.”

ಪರದೆಯ ಮೇಲೆ, ಹಾಸಿಗೆಯಿಂದೆದ್ದ ಹುಡುಗಿ ಹೊಸ ಸೀರೆಯುಟ್ಟು ಹೊಸ್ತಿಲು ದಾಟಿದಳು.

“ಏನಾತೋ? ಸತ್ತಳೇನು?”

“ಇಲ್ಲೋ, ಬದಕ್ಯಾಳ! ನಗಾಕತ್ತಾಳ! ಲಗೂ ಬಾ, ನೋಡು ಬಾ!”

“ಖರೇ ಹೇಳಾಕತ್ತೀಯೋ, ಅವತ್ತಿನಂಗೋ?”

“ಖರೇನೋ ಮಾರಾಯಾ!”

ಗುಡ್ಡಪ್ಪ ಒಳಗೆ ಬರಲಿಲ್ಲ. ಬಿಸಿಲಿನಲ್ಲಿ ನಿಂತೇ ನಕ್ಕ. ಪರದೆಯ ಮೇಲೆ ಹೆಸರುಗಳೆಲ್ಲ ಓಡಿ ಮುಗಿಯುವವರೆಗೆ, ಎತ್ತಿದ ಕೈಯನ್ನು ಇಳಿಸಲಿಲ್ಲ.