ತೆವಳುವ ನೀರಿನ ಕರೆಂಟು

ಜೋಗದ ಜಲಪಾತ ನೋಡಿ ಬೇಸರಪಟ್ಟುಕೊಂಡು ಮರಳಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಅಕ್ಕನ ಗಂಡನಾಗಿರುವುದು ನಮ್ಮ ವಂಶದ ಪುಣ್ಯವೋ ಕರ್ಮವೋ, ನೀವೇ ತೀರ್ಮಾನಿಸಿ!

"ಬೀಳೋ ನೀರಿಂದ ಕರೆಂಟು ಯಾರ್ ಬೇಕಾದ್ರೂ ತೆಗೀತಾರೆ ಕಣಯ್ಯ," ಎಂದರು ಭಾವ, ಜಲಪಾತಕ್ಕೆ ಬೆನ್ನು ಹಾಕಿ ಚುರುಮುರಿ ಮೆಲ್ಲುತ್ತ. "ತೆವಳೋ ನೀರಿಂದ ತೆಗೀಬೇಕು. ಅದಪ್ಪಾ ಕೆಲಸ ಅಂದ್ರೆ!"

ತೆವಳುವ ನೀರನ್ನು ಅವರು ದೂರ ಹುಡುಕಬೇಕಾಗಿರಲಿಲ್ಲ. ಕೆಂಗೇರಿಯ ಅವರ ಮನೆಯ ಹಿಂದೆ ಇಳಿಜಾರು, ಇಳಿಜಾರಿನ ಕೆಳಗೆ ವೃಷಭಾವತಿ. ಬೆಂಗಳೂರಿನ ಪಶ್ಚಿಮ ಭಾಗದ ಸಮಸ್ತ ಬಚ್ಚಲುಗಳ ಪ್ರಾತಿನಿಧ್ಯ ವಹಿಸಿ, ನೊರೆ ಹೊತ್ತು, ಯಾವ ಅವಸರವೂ ಇಲ್ಲದೆ ಸಾಗುವ ನದಿ. ರಾಜಾಜಿನಗರದ ಬಟ್ಟೆ ಅಂಗಡಿಯೊಂದರಲ್ಲಿ ಜೀವಮಾನವಿಡೀ ಪರದೆ ಬಟ್ಟೆ ಅಳೆದು ಕೊಟ್ಟು ನಿವೃತ್ತರಾದ ಭಾವ ನದಿಯನ್ನೂ ಬಟ್ಟೆಯಂತೆಯೇ ಪರೀಕ್ಷಿಸಿದರು. ದಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ನೀರನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಮಾಲು ಗಟ್ಟಿಯಾಗಿದೆ" ಎಂದರು. ಆ ನೀರನ್ನು ಕಂಡ ಯಾರು ತಾನೇ ಅಲ್ಲಗಳೆದಾರು?

ಯಂತ್ರ ಸಿದ್ಧವಾಯಿತು. ಹಳೆಯ ಸೈಕಲ್ಲಿನ ಚಕ್ರ, ಅದರ ಸುತ್ತ ಅರ್ಧಕ್ಕೆ ಕೊಯ್ದ ಪೇಂಟ್ ಡಬ್ಬಗಳು, ಚಕ್ರಕ್ಕೆ ಒತ್ತಿಕೊಂಡು ತಿರುಗಲು ಒಂದು ಸೈಕಲ್ ಡೈನಮೋ, ಎಲ್ಲವನ್ನೂ ತೇಲಿಸಲು ಎರಡು ನೀಲಿ ಡ್ರಮ್ಮು. ಡೈನಮೋದಿಂದ ಹೊರಟ ವೈರು ದಡದ ಹೊಂಗೆ ಮರಕ್ಕೆ ಬಂದು, ಕೊಂಬೆಗೆ ಕಟ್ಟಿದ ಪುಟ್ಟ ಬಲ್ಬಿನಲ್ಲಿ ಪರಿಸಮಾಪ್ತಿಯಾಗುತ್ತಿತ್ತು. ನಮ್ಮ ಮನೆತನದ ವಿದ್ಯುತ್ ಇಲಾಖೆ ಇಷ್ಟೇ.

ತೆಂಗಿನಕಾಯಿ ಒಡೆದು ಉದ್ಘಾಟನೆಯಾಯಿತು. ಚಕ್ರ ತಿರುಗಿತು, ಇಲ್ಲವೆನ್ನಲಾರೆ. ಆದರೆ ಎಷ್ಟು ನಿಧಾನವಾಗಿ ಎಂದರೆ, ಕಾಗೆಯೊಂದು ಬಂದು ಅದರ ಮೇಲೆ ಕೂತು, ಒಂದಿಷ್ಟು ಸವಾರಿ ಮಾಡಿ, ಬೇಜಾರಾಗಿ ಎದ್ದು ಹೋಯಿತು! ಬಲ್ಬು ಹತ್ತಲಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಊಟದ ಡೆಲಿವರಿ ಹುಡುಗನೊಬ್ಬ ಬೈಕು ನಿಲ್ಲಿಸಿದ. ಮಾತು ಕೇಳಿದರೆ ಉತ್ತರ ಕರ್ನಾಟಕದ ಕಡೆಯವನು.

"ಏನ್ ಮಾಡಾಕತ್ತೀರ್ರಿ ಕಾಕಾ?"

"ಕರೆಂಟು."

"ಮನ್ಯಾಗ ಕರೆಂಟ್ ಇಲ್ಲೇನ್ರಿ?"

"ಇದೆ."

"ಮತ್ತ?"

ಭಾವ ಬಲ್ಬು ಬಿಚ್ಚಿ, ಉಫ್ ಎಂದು ಊದಿ, ಮತ್ತೆ ತಿರುಗಿಸಿ ಹಾಕಿದರು.

ಇಲ್ಲಿಯವರೆಗೆ ನಗಬಹುದಾಗಿತ್ತು. ಆದರೆ ಬಲ್ಬು ಹತ್ತದೆ ಹೋದಷ್ಟೂ ಚಕ್ರ ಸೆಳೆತ ಹುಡುಕಿಕೊಂಡು ದಡ ಬಿಟ್ಟು ನಡುನೀರಿನ ಕಡೆಗೆ ಸರಿಯತೊಡಗಿತು. ಅದರ ಬೆನ್ನಿಗೇ, ಗಮ್ ಬೂಟು ತೊಟ್ಟ ಭಾವ. ಅಕ್ಕ ನನಗೆ ಫೋನು ಮಾಡಿದಳು. "ಇಲ್ಲಿ ಬಿಸಿಲಿರುತ್ತೆ ಕಣೋ, ಮೇಲೆ ರಾಜಾಜಿನಗರದಲ್ಲಿ ಮಳೆ ಹೊಡೆದಿರುತ್ತೆ. ಸದ್ದಿಲ್ದೆ ನೀರು ಏರುತ್ತೆ. ಇವ್ರಿಗೆ ಈಜು ಬರಲ್ಲ. ಬಂದು ಹಗ್ಗನಾದ್ರೂ ಹಿಡ್ಕೊಳೋ, ನಿನ್ ದಮ್ಮಯ್ಯ."

ಹೀಗೆ ಭಾನುವಾರ ಬಂತೆಂದರೆ ವಿಜಯನಗರದಿಂದ ಮೆಟ್ರೋ ಹತ್ತಿ ಬಂದು, ಭಾವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ಹೊಂಗೆ ಮರಕ್ಕೆ ಒರಗಿ ಕೂರುವ ಉದ್ಯೋಗ ನನ್ನದಾಯಿತು. ದನ ಕಾಯುವವನಿಗೂ ನನಗೂ ಇದ್ದ ವ್ಯತ್ಯಾಸ ಒಂದೇ: ದನ ಕರೆದರೆ ಬರುತ್ತದೆ.

ಒಂದು ಭಾನುವಾರ ಮಧ್ಯಾಹ್ನವೂ ಹಾಗೆಯೇ ಕೂತಿದ್ದೆ. ಮನೆಯಿಂದ ಹೆಂಡತಿಯ ಫೋನು. "ರೀ, ಇಲ್ಲಿ ಆಗ್ಲಿಂದ ಮಳೆ ಬಡೀತಾ ಇದೆ. ಮಹಡಿ ಮೇಲಿನ ಬಟ್ಟೆಯೆಲ್ಲ ತೊಪ್ಪೆ. ಅಲ್ಲಿ?"

ತಲೆಯೆತ್ತಿದೆ. ಇಲ್ಲಿ ಸುಡುಬಿಸಿಲು. ತಲೆ ತಗ್ಗಿಸಿದೆ. ನದಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ತೇಲಿ ಬರುತ್ತಿತ್ತು. ಅದರ ಅವಸರ ಕಂಡು ದಡಕ್ಕನೆ ಎದ್ದು ನಿಂತೆ. ಈ ನದಿಯಲ್ಲಿ ಯಾವುದೂ ಅಷ್ಟು ಬೇಗ ಬಂದದ್ದಿಲ್ಲ.

"ಭಾವಾ, ಮೇಲೆ ಬನ್ನಿ! ನೀರು ಬರ್ತಾ ಇದೆ!"

"ಬರ್ಲಿ ಬಿಡಯ್ಯ! ಅದಕ್ಕೇ ಅಲ್ವಾ ಕಾಯ್ತಾ ಇರೋದು!"

ಮೊಣಕಾಲಿನ ನೀರು ತೊಡೆಗೆ ಬಂತು. ಡಬ್ಬಗಳು ದಡಬಡಿಸಿದವು, ಡೈನಮೋ ಗುಂಯ್ ಎಂದಿತು, ನನ್ನ ನೆತ್ತಿಯ ಮೇಲೆ ಆ ದರಿದ್ರ ಬಲ್ಬು ಝಗ್ಗನೆ ಹತ್ತಿತು! ಹತ್ತಲು ಬೇರೆ ಮುಹೂರ್ತವೇ ಇರಲಿಲ್ಲವೆ ಅದಕ್ಕೆ?

ನನ್ನ ಕೂಗು ಕೇಳಿ ಅಕ್ಕ ಇಳಿಜಾರಿನಲ್ಲಿ ಎದ್ದುಬಿದ್ದು ಓಡಿ ಬಂದಳು. "ರೀ! ಬನ್ರೀ!"

"ಹತ್ತಿತು ಕಣೇ! ಒಂದ್ನಿಮಿಷ ನೋಡೋಕೆ ಬಿಡು!" ಡ್ರಮ್ಮು ತಬ್ಬಿಕೊಂಡು ನಿಂತ ಭಾವ ಬಲ್ಬಿನಿಂದ ಕಣ್ಣು ಕೀಳಲಿಲ್ಲ.

ನಾನು ಹಗ್ಗ ಜಗ್ಗಿದೆ. ಅಲ್ಲಾಡಿದ್ದು ಡ್ರಮ್ಮು!

"ಏಯ್, ಎಳೀಬೇಡ್ವೋ! ಚಕ್ರ ಮಗುಚಿಕೊಳ್ಳುತ್ತೆ!"

ನೀರಿಗಿಳಿದ ಮೇಲೆ, ನನಗೆ ಬೆನ್ನು ಮಾಡಿ, ಸೊಂಟದ ಹಗ್ಗ ಬಿಚ್ಚಿ ಚಕ್ರಕ್ಕೆ ಕಟ್ಟಿದ್ದರು ಮಹಾನುಭಾವರು. ಪ್ರಾಣಾಪಾಯ ಚಕ್ರಕ್ಕೇ ಹೆಚ್ಚೆಂದು ಅವರ ಲೆಕ್ಕ. ನಾನು ಹಿಡಿದ ಹಗ್ಗದ ಆ ತುದಿಯಲ್ಲಿ ಭಾವ ಇರಲೇ ಇಲ್ಲ. ನೀರು ಸೊಂಟ ಮುಟ್ಟಿತು. ಒಂದು ಕಾಲು ಜಾರಿ, ತಡವರಿಸಿ, ಮತ್ತೆ ನಿಂತರು.

"ರೀ… ರೀ…" ಎನ್ನುತ್ತ ಅಕ್ಕ ನೀರಿನ ಅಂಚಿಗೇ ಬಂದಳು. ಆಮೇಲೆ ಅವಳ ಗಂಟಲಿನಿಂದ ಹೊರಟಿದ್ದು ಭಾವನ ಹೆಸರು.

ಹೆಸರು! ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರೇನೆಂದು ಕೇಳಿದರೂ "ಇವನು ಹೇಳ್ತಾನೆ" ಎಂದು ನನ್ನನ್ನು ಮುಂದೆ ತಳ್ಳುವವಳು ಅವಳು. ಮದುವೆಯ ದಿನ ಹೆಂಗಸರೆಲ್ಲ ಕಾಡಿದಾಗಲೂ ಹೇಳದೆ ತಪ್ಪಿಸಿಕೊಂಡಿದ್ದಳು. ಆ ಹೆಸರನ್ನು ಇಡೀ ಕೆಂಗೇರಿಗೆ ಕೇಳುವಂತೆ ಕೂಗಿ, ಅದರ ಬಾಲಕ್ಕೆ "ಬಾರೋ ಮೇಲಕ್ಕೆ!" ಎಂದು ಬೇರೆ ಸೇರಿಸಿದಳು.

ಭಾವ ಬಲ್ಬು ಬಿಟ್ಟು ಅವಳನ್ನು ನೋಡಿದರು. ಡ್ರಮ್ಮು ಬಿಟ್ಟರು. ಅವಳ ಮುಖದ ಮೇಲಿಟ್ಟ ಕಣ್ಣು ಕೀಳದೆ, ನೀರಿಗೆ ಎದೆಕೊಟ್ಟು, ಹೆಜ್ಜೆ ಕಿತ್ತು ಹೆಜ್ಜೆ ಇಡುತ್ತ ಬಂದರು. ನಾನು ಹಗ್ಗ ಬಿಸಾಡಿ ನೀರಿಗಿಳಿದು, ಕೈಗೆ ಸಿಕ್ಕ ರಟ್ಟೆ ಹಿಡಿದು ದಡಕ್ಕೆಳೆದೆ. ಹಿಂದೆ ವೈರು ಕಿತ್ತ ಸದ್ದಾಯಿತು. ಚಕ್ರ ಮಗುಚಿ, ಡ್ರಮ್ಮುಗಳ ಸಮೇತ ಬಿಡದಿಯ ಕಡೆಗೆ ಪ್ರಯಾಣ ಬೆಳೆಸಿತು. ಭಾವ ತಿರುಗಿಯೂ ನೋಡಲಿಲ್ಲ.

ದಡದ ಮೇಲೆ ಕೂರಿಸಿಕೊಂಡು ಅಕ್ಕ ಸೆರಗಿನಿಂದ ಅವರ ಮುಖ ಒರೆಸುತ್ತಿದ್ದಳು, ಬೈಯುತ್ತಿದ್ದಳು, ಅಳುತ್ತಿದ್ದಳು. ಮೈಯೆಲ್ಲ ನಾರುತ್ತಿದ್ದ ಭಾವ ಆ ಸೆರಗಿನ ಅಂಚು ಹಿಡಿದುಕೊಂಡರು.

"ಇನ್ನೊಂದ್ ಸಲ ಕರಿಯೇ," ಎಂದರು.

ಅಕ್ಕ ನನ್ನ ಕಡೆ ನೋಡಿದಳು. ನಾನು ಆಚೆ ತಿರುಗಿ, ನದಿ ನೋಡುತ್ತ ನಿಂತೆ.