ಕಡಲೆಂದರೆ ಪಡುವೇ ಅಲ್ಲವೇ?

ಬೀಚ್ ಆರಿಸುವ ಕೆಲಸಕ್ಕೆ ನನ್ನಷ್ಟು ಯೋಗ್ಯ ಮನುಷ್ಯ ಡೊಂಬಿವಲಿ ಈಸ್ಟ್‌ನಲ್ಲಿ ಇನ್ನೊಬ್ಬನಿರಲಿಲ್ಲ. ನಾನು ಹುಟ್ಟಿದ್ದು ಕಾಪುವಿನಲ್ಲಿ. ನಮ್ಮ ಮನೆಯಂಗಳಕ್ಕೂ ಕಡಲಿಗೂ ನಡುವೆ ಇದ್ದದ್ದು ನಾಲ್ಕು ತೆಂಗಿನ ಮರ ಮತ್ತು ಒಂದು ಮುರಿದ ದೋಣಿ. ಈಜಲು ಬಾರದು, ಅದು ಬೇರೆ ವಿಷಯ. ಆದರೆ ಕಡಲಿನ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ದೃಢವಾದ ಅಭಿಪ್ರಾಯ ನನ್ನಲ್ಲಿತ್ತು.

ನಮ್ಮ ಮಗಳು ಅಕ್ಷತಾ ಖಾರಘರದ ಒಂದು ಪ್ರವಾಸ ಕಂಪೆನಿಯಲ್ಲಿ ವೀಸಾ ಕಾಗದಪತ್ರ ನೋಡಿಕೊಳ್ಳುತ್ತಾಳೆ. ನಮ್ಮ ಮದುವೆಗೆ ಇಪ್ಪತ್ತೈದು ತುಂಬುವ ವರ್ಷ, ಮೇ ಕೊನೆಯಲ್ಲಿ, ಅಪ್ಪ ಅಮ್ಮನನ್ನು ಸ್ಪೇನಿನ ಮೆಡಿಟರೇನಿಯನ್ ತೀರಕ್ಕೆ ಕರೆದೊಯ್ಯುವುದೆಂದು ಅವಳೇ ತೀರ್ಮಾನಿಸಿದಳು. ವಿಮಾನ, ಹೋಟೆಲು, ವೀಸಾ ಎಲ್ಲ ಅವಳ ಜವಾಬ್ದಾರಿ. ಒಂದು ದಪ್ಪ ಮಾಹಿತಿ ಪುಸ್ತಕವನ್ನೂ ಒಂದು ಮಡಚುವ ನಕ್ಷೆಯನ್ನೂ ನನ್ನ ಮುಂದೆ ಇಟ್ಟು, "ಪಪ್ಪಾ, ಇಸ್ ಮೇಂ ಸೆ ತೀನ್ ಬೀಚ್ ಆಪ್ ಚುನೋ. ಬಸ್, ಇತನಾ ಹೀ ಕಾಮ್ ಹೈ," ಎಂದಳು. ಮೂರು ಬೀಚ್ ಆರಿಸುವುದು, ಅಷ್ಟೇ ನನ್ನ ಪಾಲಿನ ಕೆಲಸ.

ಸುಜಾತಾ, ಅಂದರೆ ನನ್ನ ಹೆಂಡತಿ, ಅಡುಗೆಮನೆಯಿಂದಲೇ ಒಂದು ಷರತ್ತು ಹಾಕಿದಳು. ಮಗಳದು ಹಿಂದಿಯಾದರೂ ನಾವಿಬ್ಬರು ಮನೆಯಲ್ಲಿ ಮಾತಾಡುವುದು ತುಳು. ನಿಮಗಾಗಿ ಕನ್ನಡಕ್ಕೆ ತಂದು ಹೇಳುತ್ತೇನೆ.

"ನನಗೆ ಬೇರೇನೂ ಬೇಡ. ನಾವಿಬ್ಬರೂ ಒಟ್ಟಿಗೆ ಕೂತು, ಸೂರ್ಯ ಕಡಲಿನಲ್ಲಿ ಮುಳುಗುವುದನ್ನು ಒಂದು ಸಲ ನೋಡ್ಬೇಕು. ಇಪ್ಪತ್ತೈದು ವರ್ಷದಿಂದ ಬಾಕಿ ಉಂಟು."

ಬಾಕಿ ಇದ್ದದ್ದು ನಿಜ. ಸುಜಾತಾ ಕಾರ್ಕಳದವಳು, ಕಡಲು ಕಾಣದ ಊರು. ಮದುವೆಯಾದ ಮೂರನೇ ದಿನ ಅವಳನ್ನು ಮಲ್ಪೆಗೆ ಕರೆದುಕೊಂಡು ಹೋಗಿದ್ದೆ. ಅಂದು ಮೋಡ. "ಪರವಾಗಿಲ್ಲ, ನಾಳೆ ತೋರಿಸ್ತೇನೆ," ಎಂದೆ. ನಾಳೆ ನಾವು ಡೊಂಬಿವಲಿಯಲ್ಲಿದ್ದೆವು. ಮುಂದೆ ಒಮ್ಮೆ ಜುಹುವಿಗೆ ಹೋದಾಗ ತೆರೆ ನನ್ನ ಒಂದು ಚಪ್ಪಲಿಯನ್ನು ಎಳೆದುಕೊಂಡು ಹೋಯಿತು. ನಾನು ಅದರ ಹಿಂದೆ, ಸುಜಾತಾ ನನ್ನ ಹಿಂದೆ. ಚಪ್ಪಲಿ ಸಿಕ್ಕಿ ತಲೆಯೆತ್ತುವಷ್ಟರಲ್ಲಿ ಸೂರ್ಯ ಡ್ಯೂಟಿ ಮುಗಿಸಿ ಹೋಗಿದ್ದ. ಊರಿಗೆ ಹೋದಾಗಲೆಲ್ಲ ಮದುವೆ, ಗೃಹಪ್ರವೇಶ, ಭೂತಕೋಲ. ಕಡಲು ಎಲ್ಲಿ ಓಡಿಹೋಗುತ್ತದೆ ಎಂದು ನಾನು ಮುಂದೂಡುತ್ತಲೇ ಬಂದೆ.

"ಈ ಸಲ ತಪ್ಪುವುದಿಲ್ಲ," ಎಂದು ಘೋಷಿಸಿ ನಾನು ಕನ್ನಡಕ ಏರಿಸಿದೆ.

ಎರಡು ವಾರ ಕಾಲ ಅಧ್ಯಯನ ನಡೆಯಿತು. ನಾನು ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಗಲ್ಲಾದ ಮೇಲೆ ನಕ್ಷೆ ಹರಡಿಕೊಂಡು ಕೂತಿರುತ್ತಿದ್ದೆ. ಮಸಾಲೆ ದೋಸೆಗೆ ಕಾಯುವವರೂ ಬಗ್ಗಿ ನೋಡಿ ಸಲಹೆ ಕೊಡುತ್ತಿದ್ದರು. ಮರಳಿರಬೇಕು, ಕಲ್ಲಿರಬಾರದು. ಗದ್ದಲ ಇರಬಾರದು. ಮುಖ್ಯವಾಗಿ ಸೂರ್ಯಾಸ್ತ ಚೆನ್ನಾಗಿರಬೇಕು.

ಮೊದಲ ಆಯ್ಕೆಯನ್ನು ಪಕ್ಕದ ಫ್ಲಾಟಿನ ಹಿರೇಮಠರ ಮುಂದೆ ಪ್ರಕಟಿಸಿದೆ. ಅವರು ಗದಗಿನವರು, ಕಲ್ಯಾಣದ ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾದವರು.

"ಇದು ನ್ಯಾಚುರಿಸ್ಟ್ ಬೀಚ್ ಅಂತೆ ಮಾರಾಯ್ರೆ. ಬರುವವರೆಲ್ಲ ನಿಸರ್ಗಪ್ರಿಯರು. ತುಂಬ ಸರಳ ಜನ. ನೀವು ಧೋತರ ಉಟ್ಟು ಬಂದರೂ ಅಲ್ಲಿ ಯಾರೂ ಏನೂ ಹೇಳ್ಲಿಕ್ಕಿಲ್ಲ."

ಹಿಂದಿನಿಂದ ಅಕ್ಷತಾ ಪುಸ್ತಕ ಕಿತ್ತುಕೊಂಡಳು. "ಪಪ್ಪಾ, ವಹಾಂ ಕೋಯೀ ಕಪಡಾ ಹೀ ನಹೀಂ ಪಹನತಾ." ಅಲ್ಲಿ ಯಾರೂ ಬಟ್ಟೆಯನ್ನೇ ತೊಡುವುದಿಲ್ಲವಂತೆ.

ಹಿರೇಮಠರು ತಮ್ಮ ಧೋತರವನ್ನೊಮ್ಮೆ ನೋಡಿಕೊಂಡರು. ಆಮೇಲೆ, "ಹಂಗಾರ ಧೋತರದ್ದೇ ತ್ರಾಸ ಆಗೂದು ನೋಡ್ರಿ ಶೆಟ್ರ," ಎಂದರು. ಆ ಪುಟವನ್ನು ಸುಜಾತಾ ಹರಿದು, ಒಗ್ಗರಣೆ ಡಬ್ಬಿಯ ಕೆಳಗೆ ಹಾಸಿದಳು.

ಇಂಥ ಸಣ್ಣ ಎಡವಟ್ಟಿಗೆ ಧೃತಿಗೆಡುವ ಜಾಯಮಾನ ನನ್ನದಲ್ಲ. ಮೂರು ಬೀಚ್‌ಗಳು ಅಂತಿಮವಾದವು. ಒಂದೇ ಒಂದು ತೊಡಕು ಉಳಿದಿತ್ತು: ನಕ್ಷೆಯಲ್ಲಿ ನೆಲ ಎಡಕ್ಕೂ ಕಡಲು ಬಲಕ್ಕೂ ಇತ್ತು.

ಇಲ್ಲಿ ನಮ್ಮ ಜನರ ಒಂದು ಅಭ್ಯಾಸ ಹೇಳಲೇಬೇಕು. ನಮ್ಮಲ್ಲಿ ಎಡ ಬಲ ಎನ್ನುವ ಮಾತು ಕಡಿಮೆ. ಪಡು ಎಂದರೆ ಪಶ್ಚಿಮ, ಮೂಡು ಎಂದರೆ ಪೂರ್ವ. ಡೊಂಬಿವಲಿಯ ಫ್ಲಾಟಿನಲ್ಲೂ ನಾನು ಸುಜಾತಾಳಿಗೆ ಹೇಳುವುದು, "ಆ ಕುರ್ಚಿಯನ್ನು ಸ್ವಲ್ಪ ಪಡುವಿಗೆ ಸರಿಸು" ಎಂದೇ. ಪಡು ಎಲ್ಲಿ? ಕಡಲಿದ್ದಲ್ಲಿ. ಕಡಲು ಎಲ್ಲಿ? ಪಡುವಿನಲ್ಲಿ. ಇದನ್ನು ನಾನು ನಡೆಯಲು ಕಲಿಯುವ ಮೊದಲೇ ಕಲಿತಿದ್ದೆ. ಹಾಗಿರುವಾಗ ಕಡಲು ಬಲಗಡೆ ಇರುವುದೆಂದರೇನು? ನಕ್ಷೆಯನ್ನೇ ತಲೆಕೆಳಗು ಹಿಡಿದಿದ್ದೇನೆಂದು ಅರಿವಾಯಿತು. ತಿರುಗಿಸಿದೆ. ಕಡಲು ಎಡಕ್ಕೆ ಬಂತು. ಊರುಗಳ ಹೆಸರು ತಲೆಕೆಳಗಾದವು ನಿಜ, ಆದರೆ ನನಗೆ ಸ್ಪ್ಯಾನಿಷ್ ಹೇಗೂ ಬಾರದು.

ಹಿರೇಮಠರು ಮಾತ್ರ ಕೇಳಿದರು, "ಅಲ್ರೀ ಶೆಟ್ರ, ಅಲ್ಲಿ ಹೊತ್ತು ಮುಣುಗೂದು ಯಾವ ಕಡಿಗೆ ಅಂತ ಖಾತ್ರಿ ಮಾಡ್ಕೊಂಡೀರೇನು?"

ಬಯಲುಸೀಮೆಯವರು, ಪಾಪ. ನಾನು ಅವರ ಭುಜ ತಟ್ಟಿ, "ಮಾಸ್ತರೇ, ಸೂರ್ಯ ಮುಳುಗುವುದೇ ಕಡಲಿನಲ್ಲಿ," ಎಂದೆ.

ಅಕ್ಷತಾ ಕೂಡ ಹೊರಡುವ ಮುನ್ನ ಕೇಳಿದಳು, "ಪಪ್ಪಾ, ಸನ್‌ಸೆಟ್ ಪಕ್ಕಾ ನಾ?"

"ಪಕ್ಕಾ," ಎಂದೆ.

ಸ್ಪೇನಿನ ಮೊದಲ ಬೀಚ್ ನಿಜಕ್ಕೂ ನಿಶ್ಶಬ್ದವಾಗಿತ್ತು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಇಳಿಯುತ್ತಾ ಇಳಿಯುತ್ತಾ ಅದಕ್ಕೆ ಕಾರಣ ತಿಳಿಯಿತು. ಅಷ್ಟು ಮೆಟ್ಟಿಲು ಇಳಿದು ಹತ್ತುವ ಉತ್ಸಾಹ ಅಲ್ಲಿಯವರಿಗೇ ಇರಲಿಲ್ಲ. ಸುಜಾತಾಳ ಮೊಣಕಾಲು ಊದಿಕೊಂಡಿತು. ಬೆಳಗ್ಗೆ ಹೋದವರು ಮಧ್ಯಾಹ್ನಕ್ಕೇ ವಾಪಸು. ಆದರೂ ಅವಳು ಬೇಸರ ಮಾಡಲಿಲ್ಲ. "ನಾಳೆ ನಮ್ಮ ದಿನ ಅಲ್ವಾ, ನಾಳೆ ನೋಡುವ," ಎಂದು ಮುಲಾಮು ಹಚ್ಚಿಕೊಂಡಳು.

ಮರುದಿನ ವಾರ್ಷಿಕೋತ್ಸವ. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಬೀಚ್. ಮೆಟ್ಟಿಲಿಲ್ಲ. ಮರಳು ರವೆಯಷ್ಟು ನಯ. ನೀರು ನೀಲಿ. ನಾನು ಒಳಗೊಳಗೇ ಬೀಗಿದೆ. ಸುಜಾತಾ ಮಲ್ಪೆಗೆ ಉಟ್ಟಿದ್ದ ಅದೇ ಹಸಿರು ಸೀರೆಯನ್ನು ತಂದಿದ್ದಳು. ಅದನ್ನು ಉಟ್ಟು, ಡೊಂಬಿವಲಿಯಿಂದ ತಂದ ಚಕ್ಕುಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, ಹಾಸಿದ ಬೆಡ್‌ಶೀಟಿನ ಮೇಲೆ ಕಡಲಿಗೆ ಮುಖ ಮಾಡಿ ಕೂತಳು. ಅವಳ ಪಕ್ಕ ನಾನು. ಅಕ್ಷತಾ ಫೋಟೋ ತೆಗೆಯಲೆಂದು ಫೋನು ಹಿಡಿದು ನೀರಿನ ಅಂಚಿಗೆ ಹೋದಳು. ಆಗ ಸಂಜೆ ಆರು ಗಂಟೆ.

ಏಳಾಯಿತು. ಬೆಳಕು ಹಾಗೇ ಇತ್ತು. ಎಂಟಾಯಿತು. ಈ ದೇಶದಲ್ಲಿ ಸೂರ್ಯನಿಗೂ ಓವರ್‌ಟೈಮ್ ಇದ್ದಂತಿತ್ತು. ಚಕ್ಕುಲಿ ಅರ್ಧ ಮುಗಿಯಿತು.

ಸುಜಾತಾ ಮೆಲ್ಲನೆ ಕೇಳಿದಳು, "ಹೌದಾ, ನಮ್ಮ ನೆರಳು ಯಾಕೆ ಕಡಲಿನ ಕಡೆಗೆ ಬಿದ್ದಿದೆ?"

ನೋಡಿದೆ. ಎರಡು ಉದ್ದನೆಯ ನೆರಳುಗಳು, ಒಂದಕ್ಕೆ ಜಡೆ, ಒಂದಕ್ಕೆ ಬೋಳುತಲೆ, ಮರಳು ದಾಟಿ ನೀರಿಗೆ ಇಳಿಯುತ್ತಿದ್ದವು.

"ಇಲ್ಲಿಯ ನೆರಳು ಹಾಗೆಯೇ," ಎಂದೆ.

"ಸೂರ್ಯ ಎಲ್ಲಿದ್ದಾನೆ?"

"ಬರ್ತಾನೆ."

"ಎಲ್ಲಿಂದ?"

ಈ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ನೀರಿನ ಅಂಚಿನಲ್ಲಿದ್ದ ಅಕ್ಷತಾ ಫೋನು ಕೆಳಗಿಳಿಸಿ, ನಮ್ಮ ತಲೆಯ ಮೇಲಿಂದ ದೂರಕ್ಕೆ ನೋಡಿ, "ಪಪ್ಪಾ, ಸೂರಜ್ ತೋ ಆಪ್ ಕೆ ಪೀಛೆ ಹೈ," ಎಂದಳು.

ತಿರುಗಿದೆ. ನಮ್ಮ ಬೆನ್ನ ಹಿಂದೆ ಒಂದು ಏಳು ಮಹಡಿಯ ಹೋಟೆಲು. ಅದರ ತಾರಸಿಯಲ್ಲಿ ನೀರಿನ ಟ್ಯಾಂಕು. ಟ್ಯಾಂಕಿನ ಪಕ್ಕದ ಹಗ್ಗದಲ್ಲಿ ಒಣಗಲು ಹಾಕಿದ ಟವೆಲ್ಲುಗಳು. ಎರಡು ಟವೆಲ್ಲುಗಳ ಸಂದಿಯಲ್ಲಿ, ಕೆಂಪಗೆ, ದುಂಡಗೆ, ನಮ್ಮ ಇಪ್ಪತ್ತೈದು ವರ್ಷದ ಬಾಕಿ ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಇಳಿಯುತ್ತಿದ್ದ.

ನಾಯಿಯೊಂದಿಗೆ ಹೋಗುತ್ತಿದ್ದ ಒಬ್ಬರು ಮುದುಕರು ನಾವು ಕಡಲಿಗೆ ಮುಖ ಮಾಡಿ ಕೂತ ಬಗೆಯನ್ನು ಬಹಳ ಹೊತ್ತಿನಿಂದ ಗಮನಿಸಿದ್ದರೆಂದು ಕಾಣುತ್ತದೆ. ಹತ್ತಿರ ಬಂದು ಕಡಲನ್ನು ತೋರಿಸಿದರು, ಕೈಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದರು, ಆಮೇಲೆ ಎರಡೂ ಅಂಗೈ ಕೆನ್ನೆಗಿಟ್ಟು ನಿದ್ರೆಯ ಅಭಿನಯ ಮಾಡಿದರು. ಅಂದರೆ, ಇಲ್ಲಿ ಕಡಲಿನಲ್ಲಿ ಸೂರ್ಯ ಹುಟ್ಟುತ್ತಾನೆ, ಈಗ ಹೋಗಿ ಮಲಗಿ, ಬೆಳಗ್ಗೆ ಬನ್ನಿ. ಸ್ಪ್ಯಾನಿಷ್ ಬಾರದ ನನಗೂ ಅದು ಸ್ಪಷ್ಟವಾಗಿ ಅರ್ಥವಾಯಿತು.

ಸ್ಪೇನಿನ ಈ ತೀರದಲ್ಲಿ ಕಡಲು ಮೂಡಿನಲ್ಲಿತ್ತು. ಇಂಥದ್ದು ಸಾಧ್ಯವೆಂದು ನಮ್ಮ ಕಾಪುವಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಸೂರ್ಯ ಟ್ಯಾಂಕಿನ ಹಿಂದೆ ಮರೆಯಾದ. ಸುಜಾತಾ ಚಕ್ಕುಲಿ ಡಬ್ಬದ ಮುಚ್ಚಳ ಹಾಕಿದಳು. ಅವಳು ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

"ಬೆಳಗ್ಗೆ ಸೂರ್ಯೋದಯ ನೋಡುವ," ಎಂದೆ, ಮುಳುಗುತ್ತಿರುವವನ ಧ್ವನಿಯಲ್ಲಿ.

"ಸೂರ್ಯೋದಯ ನಾನು ದಿನಾ ನೋಡ್ತೇನಲ್ಲ," ಎಂದಳು. "ನಿಮ್ಮ ಲೋಕಲ್ ರೈಲಿನ ಹೊತ್ತಿಗೆ ಡಬ್ಬ ಕಟ್ಟುವಾಗ. ಅಡುಗೆಮನೆ ಕಿಟಕಿಯಲ್ಲಿ."

ಹೋಟೆಲಿನ ಮ್ಯಾನೇಜರನಿಗೆ ಮನೆಯ ಡಬ್ಬ ಏಕೆಂದು ಕೇಳಬೇಡಿ. ಇಪ್ಪತ್ತೈದು ವರ್ಷ ಕತ್ತಲಲ್ಲೇ ಎದ್ದು ಅದನ್ನು ಕಟ್ಟಿದವಳಿಗೆ ನಾನು ತೋರಿಸಿದ್ದು ಒಂದು ನೀರಿನ ಟ್ಯಾಂಕು. ಮೂರನೇ ಬೀಚೂ ಅದೇ ತೀರದಲ್ಲಿತ್ತು. ಅಲ್ಲಿ ನಾನು ನಕ್ಷೆ ಬಿಚ್ಚಲಿಲ್ಲ.

ಡೊಂಬಿವಲಿಗೆ ಮರಳಿದ ಮೇಲೆ ಕಥೆ ಕೇಳಿ ಹಿರೇಮಠರು ನಗಲಿಲ್ಲ. ತಲೆಯಾಡಿಸಿ, "ನಮಗ ಸಮುದ್ರ ಗೊತ್ತಿಲ್ರಿ, ದಿಕ್ಕು ಗೊತ್ತದ," ಎಂದಷ್ಟೇ ಹೇಳಿ ಒಳಗೆ ಹೋದರು. ಬಾಗಿಲು ಹಾಕಿದ ಮೇಲೆ ನಕ್ಕದ್ದು ಗೋಡೆಯಾಚೆಯಿಂದ ಕೇಳಿಸಿತು.

ಮುಂದಿನ ಭಾನುವಾರ ಮಳೆ ಇನ್ನೂ ಹಿಡಿದಿರಲಿಲ್ಲ. ಸಂಜೆ ಸುಜಾತಾ ಬ್ಯಾಗು ಹಿಡಿದು ಬಂದು, "ಏಳಿ, ವೆಸ್ಟಿಗೆ ಹೋಗಿ ಬರುವ. ಬ್ಲೌಸು ಹೊಲಿಯಲಿಕ್ಕೆ ಕೊಟ್ಟದ್ದು ತರ್ಬೇಕು," ಎಂದಳು.

ಡೊಂಬಿವಲಿಯಲ್ಲಿ ಈಸ್ಟಿನವರು ವೆಸ್ಟಿಗೆ ಹೋಗುವುದು ಅಪರೂಪ. ನಡುವೆ ಇರುವುದು ರೈಲ್ವೆ ಹಳಿ ಮಾತ್ರ, ಆದರೆ ನಾನು ಬೇಕಾದರೆ ಅಂಬರನಾಥಕ್ಕೆ ಹೋದೇನು, ಸೇತುವೆ ಹತ್ತಿ ಆಚೆ ಇಳಿದವನಲ್ಲ. ಅಂದು ಇಳಿದೆ. ಬ್ಲೌಸು ತೆಗೆದುಕೊಂಡ ಮೇಲೆ ಅವಳು ಶೇರ್ ರಿಕ್ಷಾ ಹತ್ತಿಸಿದಳು. ರಸ್ತೆ ಮುಗಿದಲ್ಲಿ ಖಾಡಿ, ಸಮುದ್ರದ ಉಪ್ಪುನೀರು ಒಳಗೆ ಬರುವ ಅಗಲವಾದ ಹೊಳೆ. ಅಂಚಿನಲ್ಲಿ ಕೆಸರು, ಕಾಂಡ್ಲಾ ಗಿಡ, ಮರಳು ಸಾಗಿಸುವ ಹಳೆಯ ದೋಣಿಗಳು. ಮತ್ತು ನೇರ ಎದುರಿಗೆ, ನೀರಿನ ಮೇಲೆ, ಟವೆಲ್ಲು ಟ್ಯಾಂಕುಗಳ ಅಡ್ಡಿಯಿಲ್ಲದೆ, ಸೂರ್ಯ.

"ನಿನಗೆ ಈ ಜಾಗ ಹೇಗೆ ಗೊತ್ತು?"

"ಬ್ಲೌಸಿಗೆ ಬಂದಾಗಲೆಲ್ಲ ನೋಡ್ತೇನೆ. ಹತ್ತು ಹದಿನೈದು ಸಲ ನೋಡಿರಬಹುದು."

"ಮತ್ತೆ ಬಾಕಿ ಉಂಟು ಅಂದಿಯಲ್ಲ?"

"ನಿಮ್ಮೊಟ್ಟಿಗೆ ನೋಡಿರಲಿಲ್ಲ," ಎಂದಳು. ಆಮೇಲೆ ನನ್ನ ಕಾಲನ್ನು ನೋಡಿ, "ಮೊದಲು ಆ ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ," ಎಂದಳು.

ಎರಡೂ ಚಪ್ಪಲಿಯನ್ನು ಎದೆಗವಚಿಕೊಂಡು, ಕೆಸರಿನಲ್ಲಿ ಬರಿಗಾಲಲ್ಲಿ ನಿಂತು, ನನ್ನ ಹೆಂಡತಿಯ ಪಕ್ಕದಲ್ಲಿ ನಾನು ಸೂರ್ಯ ಮುಳುಗುವುದನ್ನು ಕೊನೆಯವರೆಗೂ ನೋಡಿದೆ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುತ್ತದೆಂದು ಕಡಲ ಮಗ್ಗುಲಲ್ಲೇ ಹುಟ್ಟಿದ ನನಗೂ ಗೊತ್ತಿರಲಿಲ್ಲ.

ನಮ್ಮ ಸ್ಟೇಷನ್ನಿನ ಸೇತುವೆಯ ಮೇಲೆ ಬಾಣದ ಗುರುತಿನೊಂದಿಗೆ "ಪಶ್ಚಿಮ" ಎಂದು ಬರೆದ ಬೋರ್ಡಿದೆ. ಇಪ್ಪತ್ತೈದು ವರ್ಷ ನಾನು ದಿನವೂ ಅದಕ್ಕೆ ಬೆನ್ನು ಹಾಕಿ ಮನೆಗೆ ಬಂದಿದ್ದೇನೆ.

ವಾಪಸು ಹೊರಟಾಗ ರಿಕ್ಷಾದವನು, "ಕಿಧರ್ ಜಾನಾ ಹೈ ಸಾಬ್, ಈಸ್ಟ್ ಯಾ ವೆಸ್ಟ್?" ಎಂದು ಕೇಳಿದ.

ನಾನು ಬಾಯಿ ತೆರೆದೆ.

"ನೀವು ಸುಮ್ಮನಿರಿ," ಎಂದು ಸುಜಾತಾ ದಾರಿ ಹೇಳಿದಳು.